ಹಿತ್ತಲಿನ ಕಾಡು ಈರುಳ್ಳಿ ಕೊನೆಗೂ ಹೋಯಿತು: ನನ್ನ ಅನುಭವ

ಮೆಲ್ಬರ್ನ್‌ನಲ್ಲಿ ಹಿತ್ತಲು ಇರುವ ನಮ್ಮವರಿಗೆಲ್ಲ ಆ್ಯಂಗಲ್ಡ್ ಆನಿಯನ್ ಎಂಬ ಈ ಕಳೆ ಗೊತ್ತೇ ಇದೆ. ಮೂರು ಮೂಲೆಯ ದಂಟು, ಜೋಲುವ ಬಿಳಿ ಹೂ, ಎಸಳಿನ ನಡುವೆ ಹಸಿರು ಗೆರೆ. ಸ್ಪೇನ್, ಮೊರಾಕೊ ಕಡೆಯ ಗಿಡ; ಇಲ್ಲಿ ತೊರೆ ದಂಡೆಯಿಂದ ಬೇಲಿ ಬುಡದವರೆಗೂ ಅದೇ. "ಅದು ಹೋಗಲ್ಲ, ಕಾಂಕ್ರೀಟ್ ಹಾಕಿಸಿಬಿಡಿ" ಎಂದವರೇ ಜಾಸ್ತಿ. ನಮ್ಮ ಬೇಲಿ ಪಕ್ಕದ ಪಟ್ಟಿಯಲ್ಲಿ ಈ ವರ್ಷ ಒಂದು ಚಿಗುರೂ ಇಲ್ಲ.

ಮೊದಲು ಕಳೆ ಸಾಯಿಸುವ ಗ್ಲೈಫೋಸೇಟ್‌ಗೆ ಅರವತ್ತು ಎಪ್ಪತ್ತು ಡಾಲರ್ ಹೋಯಿತು. ಎಲೆಯ ಮೇಲೆ ಮೇಣದಂಥ ನುಣುಪು, ಔಷಧಿ ನಿಲ್ಲುವುದೇ ಇಲ್ಲ. ಮೇಲೆ ಹಳದಿಯಾಯಿತು, ಕೆಳಗೆ ಮರಿಗಡ್ಡೆಗಳು ಗಟ್ಟಿಯಾಗಿಯೇ ಇದ್ದವು. ಆಮೇಲೆ ರಟ್ಟು, ಅದರ ಮೇಲೆ ಮಣ್ಣು ಮುಚ್ಚುವ ಮಲ್ಚ್. ಇನ್ನೊಂದು ನೂರು ಡಾಲರ್. ಚಿಗುರು ರಟ್ಟಿನ ಅಂಚು ಹುಡುಕಿಕೊಂಡು ಹೊರಗೆ ಬಂತು! ಒಬ್ಬ ಗಾರ್ಡನರ್ ಎಂಟುನೂರರ ಮೇಲೆ ಕೇಳಿದ, ಅದೂ ಗ್ಯಾರಂಟಿ ಇಲ್ಲದೆ.

ಕೆಲಸ ಮಾಡಿದ್ದು ಸಮಯ. ಏಪ್ರಿಲ್ ಮಳೆಗೆ ಚಿಗುರು ಬಂದಾಗ ಕೈ ಹಾಕಬೇಡಿ, ಬೆಳೆಯಲಿ. ಜುಲೈ ಹೊತ್ತಿಗೆ, ಅಂದರೆ ಇಲ್ಲಿನ ಚಳಿಗಾಲದಲ್ಲಿ, ಮೊಗ್ಗು ಬಿಚ್ಚುವ ಮೊದಲು, ಒಂದು ಬುಡ ಎತ್ತಿ ನೋಡಿ. ಹಳೆ ಗಡ್ಡೆಯನ್ನು ಹಿಸುಕಿದರೆ ಮೆತ್ತಗಿರಬೇಕು, ಸಿಪ್ಪೆಯೊಳಗೆ ಏನೂ ಉಳಿದಿರಬಾರದು. ಹೊಸ ಗಡ್ಡೆ ಇನ್ನೂ ಬಲಿತಿರುವುದಿಲ್ಲ. ಆ ಕೆಲವೇ ವಾರ ನಿಮ್ಮದು. ದಂಟು ಹಿಡಿದು ಎಳೆದರೆ ಅಕ್ಕಿಕಾಳಿನಷ್ಟು ಮರಿಗಡ್ಡೆಗಳು ಮಣ್ಣಲ್ಲೇ ಕೂರುತ್ತವೆ. ಮಣ್ಣು ಅಗೆಯುವ ಫೋರ್ಕ್ ಪೂರ್ತಿ ಇಳಿಸಿ, ಮಣ್ಣಿನ ಸಮೇತ ಎತ್ತಿ ಟಾರ್ಪಾಲಿನ ಮೇಲೆ ಹಾಕಿ, ಜರಡಿ ಹಿಡಿಯಿರಿ. ಸಿಕ್ಕಿದ್ದನ್ನೆಲ್ಲ ಕರಿ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಬೇಸಿಗೆ ಪೂರ್ತಿ ಬಿಸಿಲಲ್ಲಿ ಇಟ್ಟೆ. ಕಾಂಪೋಸ್ಟ್‌ಗೆ ಹಾಕಲೇಬೇಡಿ. ಜರಡಿಯ ಕಣ್ಣು ಎಷ್ಟು, ಇಟ್ಟಿಗೆ ಸಂದಿಯಲ್ಲಿದ್ದ ಗಡ್ಡೆಗಳನ್ನು ಹೇಗೆ ಎಬ್ಬಿಸಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಪ್ರಯೋಗ. ಬೀಜವನ್ನು ಇರುವೆ ಸಾಲಿನ ಪಕ್ಕ ಇಟ್ಟೆ. ಬೀಜಕ್ಕೆ ಅಂಟಿದ ಎಣ್ಣೆಯಂಶದ ತುಣುಕಿನ ಆಸೆಗೆ ಇರುವೆಗಳು ಒಂದೊಂದಾಗಿ ಹೊತ್ತುಕೊಂಡು ಹೋದವು. ಹೂ ಬಂದರೆ ಬೀಜ ಕಟ್ಟುವ ಮುಂಚೆ ಕತ್ತರಿಸಿ ಅನ್ನುವುದು ಇದಕ್ಕೇ.

ಔಷಧಿ ಬೀಳದ ಮೂಲೆಯ ಎಲೆಯನ್ನು ಅಕ್ಕಿರೊಟ್ಟಿಗೆ ಹೆಚ್ಚಿ ಹಾಕಿದ್ದೆ, ಈರುಳ್ಳಿ ಸೊಪ್ಪಿಗಿಂತ ಮೆತ್ತಗೆ, ಚೆನ್ನಾಗಿತ್ತು. ಆದರೆ ಇಂಥದ್ದೇ ಬಿಳಿ ಹೂವಿನ ಸ್ನೋಫ್ಲೇಕ್ ಎಂಬ ಗಿಡ ವಿಷ. ಎಲೆ ಉಜ್ಜಿದಾಗ ಈರುಳ್ಳಿ ವಾಸನೆ ಬರದಿದ್ದರೆ ಮುಟ್ಟಬೇಡಿ. ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ಆ್ಯಂಗಲ್ಡ್ ಆನಿಯನ್ ಮಾರುವ ಹಾಗಿಲ್ಲ. ಗಡ್ಡೆ ಯಾರಿಗೂ ಸುಮ್ನೆ ಸಹ ಕೊಡಬೇಡಿ.

ಮುಂದಿನ ಜುಲೈಗೆ ಪಕ್ಕದ ಮನೆಯವರ ಕಡೆಯ ಬೇಲಿ ಬುಡ. ಕಾಂಕ್ರೀಟ್ ಹಾಕಿಸಿ ಎಂದಿದ್ದವರು ಅವರೇ. ಈಗ ಟಾರ್ಪಾಲು ಅವರದು, ಫೋರ್ಕ್ ನನ್ನದು.