ನಾಯಿ ನೋವಿನ ಮಾತ್ರೆ ನುಂಗಿದರೆ ಕಾಯಬೇಡಿ

ಮಣಿಪಾಲದ ಹತ್ತಿರ ನಮ್ಮ ಮನೆ. ಕಳೆದ ಮಳೆಗಾಲದಲ್ಲಿ ಅಮ್ಮನ ಗಂಟುನೋವಿನ ಕಾಂಬಿಫ್ಲಾಮ್ ಸ್ಟ್ರಿಪ್ ಜಗಲಿಯಲ್ಲೇ ಉಳಿದಿತ್ತು. ನಾಯಿ ಅದನ್ನು ಕಚ್ಚಿ ಹರಿದು ಎರಡು ಮಾತ್ರೆ ನುಂಗಿತ್ತು. ಆಮೇಲೂ ಬಾಲ ಆಡಿಸಿಕೊಂಡು ಆರಾಮಾಗಿತ್ತು. ಇಲ್ಲೇ ನಾವು ಮೋಸಹೋಗುವುದು.

ಆ ಒಂದು ಮಾತ್ರೆಯಲ್ಲಿ 400 ಮಿಲಿಗ್ರಾಂ ಐಬುಪ್ರೊಫೆನ್, 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಜಾಸ್ತಿಯಾದರೆ ಕಿಡ್ನಿಯನ್ನೂ ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಜಾಸ್ತಿಯಾದರೆ ಲಿವರಿಗೆ ಪೆಟ್ಟು. ವಾಂತಿ, ಕಪ್ಪು ಮಲ, ಮಂಕು ಕಾಣಲಿ ಅಂತ ಸುಮ್ನೆ ಕೂತರೆ ತಡವಾಗುತ್ತದೆ.

ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ ಹೊರಡಿ. ಖಾಲಿ ಸ್ಟ್ರಿಪ್ ಜೊತೆಗಿರಲಿ. ಎಷ್ಟು ಮಾತ್ರೆ, ಎಷ್ಟು ಹೊತ್ತಿಗೆ, ನಾಯಿಯ ತೂಕ ಎಷ್ಟು ಅಂತ ಹೇಳಿ. ಸಾಮಾನ್ಯವಾಗಿ ಮೊದಲ 2 ಗಂಟೆಯೊಳಗೆ ವೈದ್ಯರು ವಾಂತಿ ಮಾಡಿಸಿದರೆ ಉಪಯೋಗ ಜಾಸ್ತಿ. ಆಮೇಲೆ ವಿಷ ಹೀರುವ ಇದ್ದಿಲಿನ ಔಷಧಿ, ಡ್ರಿಪ್. ನಮ್ಮದಕ್ಕೆ ಎರಡು ದಿನ ಡ್ರಿಪ್ ಹಾಕಿದರು, ಈಗ ಚೆನ್ನಾಗಿದೆ.

ವಾಂತಿ ಮಾಡಿಸೋಕೆ ಅಂತ ಮನೆಯಲ್ಲಿ ಉಪ್ಪುನೀರು ಕುಡಿಸಬೇಡಿ, ದಯವಿಟ್ಟು. ಆ ಉಪ್ಪೇ ವಿಷವಾಗಬಹುದು. ನಾಯಿ ಕುಂಟಿದರೆ ನಮ್ಮ ಮಾತ್ರೆ ಅರ್ಧ ಮುರಿದು ಕೊಡುವವರೂ ಇದ್ದಾರೆ ಅಲ್ವಾ, ಅದೂ ಬೇಡ.