ಕಲಬುರಗಿ ಬಿಸಿಲಲ್ಲಿ ಚೋ ಸೆಲ್ ಬೆಳೆಸಿದ ಅನುಭವ

ಕಲಬುರಗಿಯಲ್ಲಿ ಪ್ರಾಣಿ ಜೀವಕೋಶ ಬೆಳೆಸುತ್ತೇನೆ ಅಂದರೆ ಹೆಚ್ಚಿನವರು ಮೊದಲು ಕರೆಂಟ್ ಬಗ್ಗೆ ಕೇಳುತ್ತಾರೆ. ಕರೆಂಟ್‌ಗೆ ಯುಪಿಎಸ್ ಇದೆ, ಜನರೇಟರ್ ಇದೆ. ಇಲ್ಲಿ ಜಾಸ್ತಿ ಕಾಡುವುದು ಬಿಸಿಲು.

ನಾನು ಬೆಳೆಸುವುದು ಚೋ ಸೆಲ್. ಚೈನೀಸ್ ಹ್ಯಾಮ್‌ಸ್ಟರ್ ಅನ್ನುವ ಪುಟ್ಟ ಪ್ರಾಣಿಯ ಅಂಡಾಶಯದಿಂದ 1957ರಲ್ಲಿ ಥಿಯೊಡೋರ್ ಪಕ್ ಬೇರ್ಪಡಿಸಿದ ತಳಿ. ಹೃದಯಾಘಾತದಲ್ಲಿ ರಕ್ತದ ಗಡ್ಡೆ ಕರಗಿಸುವ ಟಿಪಿಎ ಅನ್ನುವ ಪ್ರೋಟೀನ್ ಔಷಧಿ ಇದರಲ್ಲೇ ತಯಾರಾಗಿ 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಇನ್ಸುಲಿನ್‌ನಂಥ ಚಿಕ್ಕ ಪ್ರೋಟೀನ್ ಬ್ಯಾಕ್ಟೀರಿಯಾದಲ್ಲೂ ಆಗುತ್ತದೆ. ಆಂಟಿಬಾಡಿ, ಅಂದರೆ ರೋಗಾಣುವಿನಂಥದ್ದನ್ನು ಗುರುತಿಸಿ ಅಂಟಿಕೊಳ್ಳುವ ದೊಡ್ಡ ಪ್ರೋಟೀನ್, ಹಾಗಲ್ಲ. ಅದರ ಮೇಲೆ ಸಕ್ಕರೆಯ ಸರಪಳಿ ಸರಿಯಾಗಿ ಕೂರಬೇಕು. ಚೋ ಸೆಲ್ ಅದನ್ನು ಹೆಚ್ಚುಕಡಿಮೆ ನಮ್ಮ ಮೈಯ ಕೋಶದ ಹಾಗೆಯೇ ಕೂರಿಸುತ್ತದೆ. ನಮ್ಮದು ಸಣ್ಣ ಲ್ಯಾಬ್. ರೋಗಿಗೆ ಕೊಡುವ ಔಷಧಿ ಅಲ್ಲ, ಸಂಶೋಧನೆಗೆ ಬೇಕಾದಷ್ಟು ಆಂಟಿಬಾಡಿ ಮಾಡುತ್ತೇವೆ.

ಈ ಕೋಶಗಳಿಗೆ ಬೇಕಿರುವುದು 37 ಡಿಗ್ರಿ. ಮೇ ತಿಂಗಳಲ್ಲಿ ಹೊರಗೆ 42 ದಾಟಿರುತ್ತದೆ. ಕೋಶಗಳನ್ನು ಇಡುವ ಪೆಟ್ಟಿಗೆಯೇ ಇನ್‌ಕ್ಯುಬೇಟರ್. ಸಾಮಾನ್ಯ ಇನ್‌ಕ್ಯುಬೇಟರ್‌ಗೆ ಬಿಸಿ ಮಾಡಲು ಬರುತ್ತದೆ, ತಣ್ಣಗೆ ಮಾಡಲು ಬರುವುದಿಲ್ಲ. ಕೋಣೆ ಅದಕ್ಕಿಂತ ಐದಾರು ಡಿಗ್ರಿ ತಂಪಾಗಿದ್ದರೆ ಮಾತ್ರ 37ರಲ್ಲಿ ನಿಲ್ಲುತ್ತದೆ. ಒಳಗೆ ಫ್ಲಾಸ್ಕ್ ತಿರುಗಿಸುವ ಶೇಕರ್ ಇದೆಯಲ್ಲ, ಅದರ ಮೋಟಾರ್ ಕೂಡ ಬಿಸಿ ಬಿಡುತ್ತದೆ. ಎಸಿ ನಿಂತರೆ ಉಷ್ಣತೆ ಏರುತ್ತಲೇ ಹೋಗುತ್ತದೆ.

"ಒಂದು ಕೂಲರ್ ಇಟ್ರ ಆತಲ್ರಿ ಮೇಡಂ" ಅಂದರು ನಮ್ಮ ಅಟೆಂಡರ್. ನಮ್ಮೂರಲ್ಲಿ ಬಹಳ ಮನೆಗಳು ಬೇಸಿಗೆ ಕಳೆಯುವುದೇ ಕೂಲರ್ ಮೇಲೆ. ಆದರೆ ಸೆಲ್ ಕಲ್ಚರ್ ಕೋಣೆಗೆ ಅದು ಬೇಡವೇ ಬೇಡ. ತೇವದ ಗಾಳಿಯ ಜೊತೆ ಬೂಷ್ಟಿನ ಕಣಗಳೂ ಬರುತ್ತವೆ. ಒಂದು ಫ್ಲಾಸ್ಕ್‌ಗೆ ಹೊಕ್ಕರೆ ಪೂರಾ ಬ್ಯಾಚ್ ಚೆಲ್ಲಬೇಕು. ಹಾಗಾಗಿ ಎಸಿಯನ್ನೇ ಜನರೇಟರ್ ಲೈನಿಗೆ ಹಾಕಿಸಿದೆ. ಇನ್‌ಕ್ಯುಬೇಟರನ್ನು ಪಡುವಣ ಗೋಡೆಯಿಂದ ದೂರ ಸರಿಸಿದೆ. ಒಳಗೆ ನೀರಿನ ಬಾಟಲಿಯಲ್ಲಿ ಬೇರೆ ಥರ್ಮಾಮೀಟರ್ ಇಟ್ಟೆ. ಮುಂದಿನ ಡಿಸ್‌ಪ್ಲೇಗಿಂತ ನನಗೆ ಅದರ ಮೇಲೇ ನಂಬಿಕೆ.

ಕೋಶಗಳು ಹೇಗಿವೆ ಅಂತ ತಿಳಿಯಲು ದಿನಾ ಒಂದು ತೊಟ್ಟು ತೆಗೆದು ಟ್ರಿಪಾನ್ ಬ್ಲೂ ಅನ್ನುವ ನೀಲಿ ಬಣ್ಣ ಬೆರೆಸಿ ಮೈಕ್ರೋಸ್ಕೋಪ್ ಕೆಳಗೆ ಇಡುತ್ತೇನೆ. ಜೀವಂತ ಕೋಶ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ದುಂಡಗೆ, ಅಂಚು ಹೊಳೆಯುತ್ತಾ ಕಾಣುತ್ತದೆ. ಸತ್ತದ್ದು ನೀಲಿ. ಗಾಜಿನ ಸ್ಲೈಡ್ ಮೇಲೆ ಗೆರೆ ಎಳೆದ ಚೌಕಗಳಲ್ಲಿ ಎರಡನ್ನೂ ಎಣಿಸುತ್ತೇನೆ. ಎಣಿಸುವ ಯಂತ್ರ ಸಿಗುತ್ತದೆ, ಆದರೆ ಹೊಸ ವಿದ್ಯಾರ್ಥಿಗಳಿಗೆ ಕಣ್ಣಲ್ಲೇ ಎಣಿಸಲು ಹೇಳುತ್ತೇನೆ. ಕೋಶ ಉಬ್ಬಿದೆಯಾ, ಗುಂಪು ಕಟ್ಟಿದೆಯಾ ಅನ್ನುವುದು ಬರೀ ಅಂಕಿಯಲ್ಲಿ ಸಿಗುವುದಿಲ್ಲ ಅಲ್ವಾ. ಹದ ಸರಿಯಿದ್ದರೆ ಸುಮಾರು ಒಂದು ದಿನದಲ್ಲಿ ಇಮ್ಮಡಿಯಾಗುತ್ತವೆ. ಬಿಸಿ ಜಾಸ್ತಿಯಾದರೆ ಬೆಳವಣಿಗೆ ಕುಂಟುತ್ತದೆ, ನೀಲಿ ಹೆಚ್ಚುತ್ತದೆ.

ಇನ್ನೊಂದು ವಿಷಯ. ಕೋಶಗಳು ಸಾಕಷ್ಟು ತುಂಬಿದ ಮೇಲೆ 32–33 ಡಿಗ್ರಿಗೆ ಇಳಿಸುವುದು ಈ ಕೆಲಸದಲ್ಲಿ ರೂಢಿ. ಆಗ ಅವು ಒಂದು ಎರಡಾಗಿ ಹೆಚ್ಚುವುದು ಕಡಿಮೆಯಾಗುತ್ತದೆ, ಹೆಚ್ಚು ದಿನ ಬದುಕುತ್ತವೆ, ಎಷ್ಟೋ ತಳಿಗಳಲ್ಲಿ ಪ್ರತಿ ಕೋಶ ಹೊರಬಿಡುವ ಪ್ರೋಟೀನೂ ಏರುತ್ತದೆ. ಎಲ್ಲಾ ತಳಿಗೂ ಹೀಗೇ ಅಂತಿಲ್ಲ, ಸಣ್ಣ ಫ್ಲಾಸ್ಕ್‌ನಲ್ಲಿ ನೋಡಿಯೇ ಮುಂದುವರಿಯಬೇಕು. ತಣ್ಣಗೂ ಮಾಡಬಲ್ಲ, ಕಂಪ್ರೆಸರ್ ಇರುವ ಶೇಕರ್ ಇಲ್ಲದವರು ನಮ್ಮ ಬೇಸಿಗೆಯಲ್ಲಿ ಇದಕ್ಕೆ ಕೈಹಾಕುವುದು ಬೇಡ. ನಾನು ಉತ್ಪಾದನೆಯ ಬ್ಯಾಚ್‌ಗಳನ್ನು ಡಿಸೆಂಬರ್, ಜನವರಿಗೇ ಇಟ್ಟುಕೊಂಡಿದ್ದೇನೆ. ಕೋಶ ಬೇರ್ಪಡಿಸಿದ ದ್ರವವನ್ನು ಮೈನಸ್ 80ರಲ್ಲಿ ಇಟ್ಟರೆ, ಆಂಟಿಬಾಡಿಗೆ ಅಂಟುವ ಪ್ರೋಟೀನ್ ಎ ಇರುವ ಕಾಲಂ ಅನ್ನುವ ಕೊಳವೆಯಲ್ಲಿ ಆಂಟಿಬಾಡಿ ಹಿಡಿಯುವ ಕೆಲಸವನ್ನು ಮೇನಲ್ಲೂ ಆರಾಮಾಗಿ ಮಾಡಬಹುದು.