ಇಂಗ್ಲೆಂಡಿನಲ್ಲಿ ವಸಡಿಗೆ ಡೀಪ್ ಕ್ಲೀನಿಂಗ್: ಊರಿನ ರಜೆಗೆ ಕಾಯಬೇಡಿ

ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯಿಂದ ಇಂಗ್ಲೆಂಡಿಗೆ ಕೆಲಸಕ್ಕೋ ಓದಲಿಕ್ಕೋ ಬಂದವರ ಬಾಯಲ್ಲಿ ಒಂದು ಮಾತು ಮಾಮೂಲು: "ಹಲ್ಲಿನ ಕೆಲಸ ಎಲ್ಲ ಊರಿಗೆ ಹೋದಾಗ." ಉಪ್ಪಳದಲ್ಲೋ ಕಾಸರಗೋಡು ಪೇಟೆಯಲ್ಲೋ ಪರಿಚಯದ ಡಾಕ್ಟರು, ಇಲ್ಲದಿದ್ದರೆ ದೇರಳಕಟ್ಟೆಯ ಡೆಂಟಲ್ ಕಾಲೇಜು. ಹುಳುಕು ಹಲ್ಲು ತುಂಬಿಸಲು ಈ ಲೆಕ್ಕ ನಡೆಯುತ್ತದೆ. ವಸಡಿನ ಕಾಯಿಲೆಗೆ ನಡೆಯುವುದಿಲ್ಲ. ಡೀಪ್ ಕ್ಲೀನಿಂಗ್ ಮಾಡಿದ ಮೇಲೆ ಸುಮಾರು ಮೂರು ತಿಂಗಳಿಗೆ ಮತ್ತೆ ಅಳತೆ ತೆಗೆದು ನೋಡಬೇಕು, ವಾಸಿಯಾಗದೆ ಉಳಿದ ಜಾಗಕ್ಕೆ ಮತ್ತೆ ಕೈ ಹಾಕಬೇಕು. ಮೂರು ವಾರದ ರಜೆಯಲ್ಲಿ ಮದುವೆ, ಉಪನಯನ, ಕೋಲ, ಬ್ಯಾಂಕಿನ ಓಡಾಟದ ನಡುವೆ ಅದು ಮುಗಿಯುವಂಥದ್ದಲ್ಲ.

ಮಾಮೂಲಿ ಕ್ಲೀನಿಂಗ್ ಹಲ್ಲಿನ ಹೊರಗೆ ಕಾಣುವ ಕೊಳೆಯನ್ನು ತೆಗೆಯುತ್ತದೆ. ಡೀಪ್ ಕ್ಲೀನಿಂಗ್ ವಸಡಿನ ಒಳಗೆ, ಬೇರಿಗೆ ಅಂಟಿ ಗಟ್ಟಿಯಾದ ಕೊಳೆಯನ್ನು, ಅಂದರೆ ಟಾರ್ಟರನ್ನು, ತೆಗೆಯುತ್ತದೆ. ಆ ಕೊಳೆ ಹಾಗೇ ಇದ್ದರೆ ವಸಡು ಹಲ್ಲನ್ನು ಬಿಟ್ಟುಕೊಡುತ್ತದೆ, ಹಲ್ಲಿಗೂ ವಸಡಿಗೂ ನಡುವೆ ಪಾಕೆಟ್ ಎನ್ನುವ ಆಳದ ಸಂದಿ ಆಗುತ್ತದೆ, ಕೆಳಗಿನ ಎಲುಬು ಕರಗುತ್ತಾ ಹೋಗುತ್ತದೆ. ಮಳೆಗೆ ಬುಡದ ಮಣ್ಣು ಕೊಚ್ಚಿ ಹೋದ ಅಡಿಕೆ ಮರದ ಸ್ಥಿತಿ. ಹೋದ ಎಲುಬು ಕ್ಲೀನಿಂಗ್‌ನಿಂದ ವಾಪಸು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು ಅಷ್ಟೇ. ನೋವಿಲ್ಲದೆ ನಡೆಯುವ ಕಾಯಿಲೆ ಆದ್ದರಿಂದ ಜನ ಸುಮ್ನೆ ಇರುತ್ತಾರೆ. ಸಿಗರೇಟು ಸೇದುವವರಿಗಂತೂ ರಕ್ತ ಬರುವುದೂ ಕಡಿಮೆ, ಗೊತ್ತೇ ಆಗುವುದಿಲ್ಲ.

ಇಲ್ಲಿ ಮೊದಲ ಸಲ ಡೆಂಟಿಸ್ಟ್ ಹತ್ತಿರ ಹೋದರೆ ಒಂದು ವಿಚಿತ್ರ ನಡೆಯುತ್ತದೆ. ತುದಿಯಲ್ಲಿ ಅರ್ಧ ಮಿಲಿಮೀಟರಿನ ಪುಟ್ಟ ಗುಂಡು, ಮೇಲೆ ಕಪ್ಪು ಪಟ್ಟಿ ಇರುವ ಸಪೂರ ಕಡ್ಡಿಯನ್ನು ವಸಡಿನ ಅಂಚಿನಲ್ಲಿ ನಡೆಸುತ್ತಾ ಡಾಕ್ಟರು ಪಕ್ಕದವರಿಗೆ "ತ್ರೀ, ಟೂ, ತ್ರೀ, ಫೋರ್..." ಎಂದು ಹೇಳುತ್ತಾರೆ. ನಾವು ಬಾಯಿ ತೆರೆದು ಮಲಗಿ, ಇದೇನು ಹರಾಜೋ ಎಂದು ಕೇಳುತ್ತಿರುತ್ತೇವೆ. ವಸಡಿನ ಈ ಪ್ರಾಥಮಿಕ ತಪಾಸಣೆಗೆ ಬಿಪಿಇ (ಬೇಸಿಕ್ ಪೆರಿಯೊಡಾಂಟಲ್ ಎಕ್ಸಾಮಿನೇಷನ್) ಎನ್ನುತ್ತಾರೆ. ಬಾಯಿಯನ್ನು ಆರು ಭಾಗ ಮಾಡಿ, ಪ್ರತಿ ಭಾಗಕ್ಕೂ ಅಲ್ಲಿನ ಕೆಟ್ಟ ಜಾಗದ ಅಂಕ. 0 ಎಂದರೆ ಚೆನ್ನಾಗಿದೆ, 1 ರಕ್ತ ಬರುತ್ತದೆ, 2 ಟಾರ್ಟರ್ ಇದೆ. 3 ಬಂದರೆ ಪಾಕೆಟ್ ಸುಮಾರು 4–5 ಮಿಲಿಮೀಟರ್, 4 ಬಂದರೆ 6 ಅಥವಾ ಜಾಸ್ತಿ. 4 ಬಂದವರಿಗೆ ಪ್ರತಿ ಹಲ್ಲಿನ ಸುತ್ತ ಆರು ಕಡೆ ಅಳೆದು ಪೂರ್ತಿ ಚಾರ್ಟ್ ಬರೆಯುತ್ತಾರೆ. ನಿಮ್ಮ ಅಂಕ ಎಷ್ಟು ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಅಂಕ ಕೆಟ್ಟದಾಗಿದ್ದರೂ ಅಂದೇ ಕ್ಲೀನಿಂಗ್ ಶುರು ಮಾಡದೆ, ಬ್ರಷ್ ಹಿಡಿಯುವುದು ಹೇಗೆ, ಹಲ್ಲಿನ ಸಂದಿಗೆ ಪುಟ್ಟ ಇಂಟರ್‌ಡೆಂಟಲ್ ಬ್ರಷ್ ಹಾಕುವುದು ಹೇಗೆ ಎಂದು ಹೇಳಿ ಕಳಿಸಬಹುದು. ನಮ್ಮವರಿಗೆ ಸಿಟ್ಟು ಬರುವುದು ಇಲ್ಲೇ. ಆದರೆ ಇದು ಕೆಲಸ ಮುಂದೂಡುವ ಉಪಾಯವಲ್ಲ. ಮನೆಯಲ್ಲಿ ದಿನಾ ಕೊಳೆ ತೆಗೆಯದಿದ್ದರೆ ಡೀಪ್ ಕ್ಲೀನಿಂಗ್ ಮಾಡಿ ಪ್ರಯೋಜನ ಕಡಿಮೆ, ಆದ್ದರಿಂದ ಮೊದಲು ಅದು ಸುಧಾರಿಸಲಿ ಎಂದು ನೋಡುತ್ತಾರೆ.

ಇನ್ನು ದುಡ್ಡಿನ ಮಾತು. ನೀವು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲೇ ದುಡಿಯುತ್ತಿದ್ದರೂ, ವೀಸಾ ಜೊತೆ ಆರೋಗ್ಯದ ಸರ್‌ಚಾರ್ಜ್ ಕಟ್ಟಿದ್ದರೂ ಹಲ್ಲಿಗೆ ಬೇರೆ ಕೊಡಬೇಕು. ಇಂಗ್ಲೆಂಡಿನಲ್ಲಿ ಮೂರು ಬ್ಯಾಂಡ್, ಅಂದರೆ ಮೂರು ಮಟ್ಟದ ದರಗಳು ಇವೆ. 2025ರ ಏಪ್ರಿಲ್‌ನಿಂದ ಇದ್ದ ದರ: ಬ್ಯಾಂಡ್ 1 £27.40, ಬ್ಯಾಂಡ್ 2 £75.30, ಬ್ಯಾಂಡ್ 3 £326.70. ಸಾಮಾನ್ಯವಾಗಿ ಏಪ್ರಿಲ್ ಬಂದಾಗ ಇದು ಏರುತ್ತದೆ, ಹಾಗಾಗಿ ಹೋಗುವ ಮುಂಚೆ ಈಗಿನದ್ದು ನೋಡಿಕೊಳ್ಳಿ. ತಪಾಸಣೆ, ಎಕ್ಸ್‌ರೇ, ಅಗತ್ಯವಿದ್ದರೆ ಮಾಮೂಲಿ ಕ್ಲೀನಿಂಗ್ ಬ್ಯಾಂಡ್ 1ರಲ್ಲಿ. ವಸಡಿನೊಳಗಿನ ಕ್ಲೀನಿಂಗ್ ಬ್ಯಾಂಡ್ 2ರಲ್ಲಿ. ಒಂದೇ ಕೋರ್ಸ್‌ಗೆ ನಾಲ್ಕು ಸಲ ಹೋದರೂ ಚಾರ್ಜ್ ಒಂದೇ, ಅದರಲ್ಲೇ ಎರಡು ಹುಳುಕು ತುಂಬಿಸಿದರೂ ಅಷ್ಟೇ. ಮೂರು ತಿಂಗಳ ನಂತರದ್ದು ಹೊಸ ಕೋರ್ಸ್ ಎಂದಾದರೆ ಮತ್ತೆ ಕೊಡಬೇಕಾಗಬಹುದು. ಇದನ್ನು ಮೊದಲೇ ಕೇಳಿಬಿಡಿ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನ ಲೆಕ್ಕ ಬೇರೆ.

ಎಷ್ಟೋ ಜನ ಸಿಕ್ಕಿಬೀಳುವುದು ರಿಸೆಪ್ಷನ್‌ನಲ್ಲಿ. "ಕ್ಲೀನಿಂಗ್ ಬೇಕಾದರೆ ಹೈಜೀನಿಸ್ಟ್ (ಹಲ್ಲು ಕ್ಲೀನ್ ಮಾಡುವವರು), ಅದು ಪ್ರೈವೇಟ್" ಎಂದರೆ ತಲೆಯಾಡಿಸಿ ಕಾರ್ಡ್ ತೆಗೆಯಬೇಡಿ. ಕಲೆ ಹೋಗಿ ಹಲ್ಲು ಬೆಳ್ಳಗೆ ಕಾಣಲಿ ಎಂದಾದರೆ ಪ್ರೈವೇಟ್ ಸರಿ. ವಸಡಿನ ಆರೋಗ್ಯಕ್ಕೆ ಬೇಕಾದದ್ದು ಎನ್‌ಎಚ್‌ಎಸ್‌ನಲ್ಲೇ ಸಿಗಬೇಕು. "ಇದು ನನ್ನ ವಸಡಿಗೆ ಅಗತ್ಯವೋ?" ಎಂದು ಡೆಂಟಿಸ್ಟ್ ಹತ್ತಿರವೇ ಕೇಳಿ, ಟ್ರೀಟ್‌ಮೆಂಟ್ ಪ್ಲಾನ್ ಬರವಣಿಗೆಯಲ್ಲಿ ಪಡೆಯಿರಿ.

ಬಸುರಿಯರಿಗೂ ಹೆರಿಗೆಯಾಗಿ 12 ತಿಂಗಳವರೆಗೂ ಎನ್‌ಎಚ್‌ಎಸ್‌ನಲ್ಲಿ ಹಲ್ಲಿನ ಚಿಕಿತ್ಸೆ ಉಚಿತ, ಮಿಡ್‌ವೈಫ್ ಹತ್ತಿರ ಸರ್ಟಿಫಿಕೇಟ್ ಕೇಳಿ. ಬಸುರಿನಲ್ಲಿ ವಸಡಿನಿಂದ ರಕ್ತ ಬರುವುದು ಹೇಗೂ ಜಾಸ್ತಿ, ಈ ಅವಕಾಶ ಬಿಡಬೇಡಿ. ಆದಾಯ ತೀರಾ ಕಡಿಮೆ ಇದ್ದರೆ ಖರ್ಚಿಗೆ ಸಹಾಯ ಕೇಳುವ ಎಚ್‌ಸಿ1 ಫಾರ್ಮ್ ಹಾಕಿ ನೋಡಬಹುದು. ಹಕ್ಕಿಲ್ಲದೆ "ಉಚಿತ" ಎಂದು ಟಿಕ್ ಹಾಕಿದರೆ £100ರವರೆಗೆ ದಂಡ ಬೀಳುತ್ತದೆ.

ಕಷ್ಟ ಇರುವುದು ಡೆಂಟಿಸ್ಟ್ ಸಿಗುವುದರಲ್ಲಿ. ಜಿಪಿ (ಮಾಮೂಲಿ ಡಾಕ್ಟರು) ಹಾಗೆ ಮನೆ ಹತ್ತಿರದವರೇ ಆಗಬೇಕೆಂದಿಲ್ಲ, ಹೊಸಬರನ್ನು ತೆಗೆದುಕೊಳ್ಳುವ ಯಾವ ಊರಿನ ಕ್ಲಿನಿಕ್ಕಾದರೂ ಸರಿ. ಎನ್‌ಎಚ್‌ಎಸ್ ವೆಬ್‌ಸೈಟಿನಲ್ಲಿ ಹುಡುಕಿ, ಆಮೇಲೆ ಒಂದೊಂದಕ್ಕೂ ಫೋನ್ ಮಾಡಿ. ಮುಖ ಊದಿದೆ, ಕೀವು ಬಂದಿದೆ ಎಂದಾದರೆ ಎನ್‌ಎಚ್‌ಎಸ್‌ನ 111 ನಂಬರಿಗೆ ಫೋನ್ ಮಾಡಿ.

ಕ್ಲೀನಿಂಗ್ ಸಾಮಾನ್ಯವಾಗಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಒಂದು ಸಲಕ್ಕೆ ಬಾಯಿಯ ಒಂದು ಬದಿ ಮಾಡುತ್ತಾರೆ. ಒಂದೆರಡು ದಿನ ನೋವು, ಕೆಲವು ವಾರ ತಣ್ಣೀರಿಗೆ ಜುಂ ಎನ್ನುವುದು ಸಹಜ. ಊತ ಇಳಿದ ಮೇಲೆ ಹಲ್ಲು ಉದ್ದ ಕಾಣುತ್ತದೆ, ಸಂದಿ ಕಾಣುತ್ತದೆ. ಕ್ಲೀನ್ ಮಾಡಿದ್ದರಿಂದಲೇ ಹಲ್ಲು ಸಡಿಲವಾಯಿತು ಎಂದು ಊರಲ್ಲಿ ಹೇಳುತ್ತಾರಲ್ಲ, ಅದು ಇದೇ. ಎಲುಬು ಮೊದಲೇ ಹೋಗಿತ್ತು, ಟಾರ್ಟರ್ ಮುಚ್ಚಿಟ್ಟಿತ್ತು.

ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತಿದ್ದರೆ ಹೇಳಲೇಬೇಕು. ಸಕ್ಕರೆ ಹಿಡಿತದಲ್ಲಿ ಇಲ್ಲದಿದ್ದರೆ ವಸಡು ಬೇಗ ಕೆಡುತ್ತದೆ, ಕೆಟ್ಟ ವಸಡು ಸಕ್ಕರೆಯನ್ನೂ ಕೆಡಿಸುತ್ತದೆ. ಎಲೆಯಡಿಕೆ ಅಭ್ಯಾಸವನ್ನೂ ಮುಚ್ಚಿಡಬೇಡಿ. ಇಲ್ಲಿಯ ಡೆಂಟಿಸ್ಟ್‌ಗೆ ಅದು ತಟ್ಟನೆ ಹೊಳೆಯಲಿಕ್ಕಿಲ್ಲ. ಹೊಗೆಸೊಪ್ಪು ಹಾಕುತ್ತೀರೋ ಇಲ್ಲವೋ ಅದನ್ನೂ ಬಿಡಿಸಿ ಹೇಳಿ. ನಮ್ಮ ಕಡೆ ಎಷ್ಟೋ ಮನೆಗಳ ಅನ್ನ ಅಡಿಕೆಯದೇ, ನಿಜ. ಆದರೂ ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದೆ, ಬಾಯೊಳಗೆ ನೋಡುವವರಿಗೆ ಅದು ಗೊತ್ತಿರಬೇಕು.

ಇಷ್ಟಾದರೂ ಇಲ್ಲಿ ಯಾರೂ ಸಿಗದೆ ಊರಲ್ಲೇ ಮಾಡಿಸುವುದಾದರೆ, ರಜೆಯ ಮೊದಲ ವಾರದಲ್ಲೇ ಹೋಗಿ. ಪಾಕೆಟ್ ಚಾರ್ಟ್ ಮತ್ತು ಎಕ್ಸ್‌ರೇಗಳನ್ನು ಕೇಳಿ ಮೊಬೈಲಿಗೆ ಹಾಕಿಸಿಕೊಳ್ಳಿ. ಮೂರು ತಿಂಗಳ ನಂತರ ಇಲ್ಲಿ ನೋಡುವವರು ಯಾರೇ ಇರಲಿ, ಮೊದಲು ಎಷ್ಟಿತ್ತು ಎಂದು ಕೇಳುತ್ತಾರೆ.